ಹೊಸ ರಿಕಾಯಿಲ್ ಲಗ್‌ಗೆ ಬೆಡ್ಡಿಂಗ್: ನಾಲ್ಕು ಕಡೆ ಟೇಪ್, ಹಿಂಬದಿ ಬಿಟ್ಟು

ರೆಮಿಂಗ್ಟನ್ 700 ರೈಫಲ್‌ಗೆ ಹೊಸ ರಿಕಾಯಿಲ್ ಲಗ್ (ಒದೆತ ತಡೆಯುವ ಲೋಹದ ಚಾಚು) ಹಾಕಿಸಿ, ಎಪಾಕ್ಸಿಯಲ್ಲಿ ಬೆಡ್ಡಿಂಗ್ (ರೈಫಲ್‌ನ ಹಿಡಿ ಭಾಗವಾದ ಸ್ಟಾಕ್‌ನಲ್ಲಿ ಎಪಾಕ್ಸಿ ತುಂಬಿ ಅಚ್ಚಾಗಿ ಕೂರುವ ಗೂಡು ಮಾಡುವುದು) ಮಾಡುವ ಮುಂಚೆ ಲಗ್‌ನ ಮುಂಭಾಗ, ಎರಡೂ ಅಂಚು ಮತ್ತು ತಳಕ್ಕೆ ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸಿ. ಹಿಂಬದಿಗೆ ಮಾತ್ರ ಬೇಡ. ಗುಂಡಿನ ಒದೆತವನ್ನು ಸ್ಟಾಕ್‌ಗೆ ದಾಟಿಸುವುದು ಆ ಹಿಂಬದಿಯೇ, ಅದು ಎಪಾಕ್ಸಿಗೆ ಗಟ್ಟಿಯಾಗಿ ಕೂರಬೇಕು. ಉಳಿದ ಕಡೆ ಟೇಪಿನಷ್ಟು ಸಂದಿ ಇದ್ದರೆ ಲಗ್‌ನ ತಳ ಎಪಾಕ್ಸಿಗೆ ತಾಗಿ ನಿಲ್ಲುವುದಿಲ್ಲ. ಬಿಚ್ಚಿ ಕೂರಿಸುವಾಗ ಅಂಚು ಕೆರೆದು ಎಪಾಕ್ಸಿ ಚೂರು ಒಳಗೆ ಬೀಳುವುದೂ ಇಲ್ಲ. ಟೇಪಿನ ಮೇಲೆ, ಹಿಂಬದಿಗೆ, ಸ್ಕ್ರೂಗಳಿಗೆಲ್ಲ ರಿಲೀಸ್ ಏಜೆಂಟ್ ತೆಳ್ಳಗೆ ಸವರಿ. ಮೇಣದ ಶೂ ಪಾಲಿಶ್ ಆದರೂ ನಡೆಯುತ್ತದೆ. ಇದನ್ನು ಮರೆತರೆ ರೈಫಲ್ ಸ್ಟಾಕ್‌ಗೆ ಅಂಟಿಕೊಂಡೇ ಬಿಡುತ್ತದೆ. ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ ಟೇಪ್ ಕಿತ್ತುಹಾಕಿ. ಟಿಕ್ಕಾ ಟಿ3ಯಲ್ಲಿ ಲಗ್ ಇರುವುದು ಸ್ಟಾಕ್‌ನಲ್ಲಿ, ಅಲ್ಲಿ ಈ ಉಪಾಯ ಹೀಗೇ ನಡೆಯುವುದಿಲ್ಲ. ಲಗ್ ಓರೆಯಾಗಿ ಕೂತಿದ್ದರೂ ಟೇಪ್ ಅದನ್ನು ಸರಿ ಮಾಡುವುದಿಲ್ಲ, ಮೊದಲು ಬ್ಯಾರೆಲ್ ಸಡಿಲಿಸಿ ನೇರ ಮಾಡಿಸಬೇಕು. ಇನ್ನೊಂದು ಮಾತು, ಇದು ಜೀವದ ವಿಷಯ: 700ರಲ್ಲಿ ಲಗ್ ಇರುವುದು ಬ್ಯಾರೆಲ್ ಮತ್ತು ರಿಸೀವರ್ (ಬೋಲ್ಟ್ ಕೂರುವ ಭಾಗ) ನಡುವೆ, ವಾಷರ್‌ನಂತೆ. ಹೊಸದು ಹಳೆಯದಕ್ಕಿಂತ ದಪ್ಪ ಇದ್ದರೆ ಅಷ್ಟೇ ಹೆಡ್‌ಸ್ಪೇಸ್ (ಬೋಲ್ಟ್‌ನ ಮುಖದಿಂದ ಕಾರ್ಟ್ರಿಡ್ಜ್ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಜಾಸ್ತಿಯಾಗುತ್ತದೆ. ಎರಡನ್ನೂ ಮೈಕ್ರೋಮೀಟರ್‌ನಲ್ಲಿ ಅಳೆಸಿ. ಹೆಡ್‌ಸ್ಪೇಸ್ ಅಳೆಯುವ ಗೋ, ನೋ-ಗೋ ಗೇಜ್ ಎರಡರಲ್ಲೂ ಪಾಸಾಗದೆ (ಗೋ ಗೇಜ್ ಹಾಕಿದಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದಾಗ ಮುಚ್ಚಬಾರದು) ಒಂದು ಗುಂಡೂ ಹಾರಿಸಬೇಡಿ. ಭಾರತದಲ್ಲಿರುವವರು ಈ ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ.