ಮೊಬೈಲ್ ನೋಡಿದ್ದಕ್ಕೇ ಅಂಕ ಕಡಿಮೆ ಆಯ್ತಾ? ಮನಶ್ಶಾಸ್ತ್ರದ ಪ್ರಾಜೆಕ್ಟ್ ಮಾಡುವುದು ಹೀಗೆ

ಮನಶ್ಶಾಸ್ತ್ರದ ಪ್ರಾಜೆಕ್ಟ್ ಎಂದ ಕೂಡಲೇ ತುಮಕೂರಿನ ಡಿಗ್ರಿ ಮಕ್ಕಳು ಆರಿಸಿಕೊಳ್ಳುವ ವಿಷಯ ಹೆಚ್ಚು ಕಡಿಮೆ ಒಂದೇ: ಮೊಬೈಲ್ ಮತ್ತು ಓದು. ವಿಷಯ ಒಳ್ಳೆಯದೇ. ಕ್ಲಾಸಿನಲ್ಲಿ ಪ್ರಶ್ನಾವಳಿ ಹಂಚುತ್ತಾರೆ, ಅಂಕ ಕೇಳಿ ಬರೆದುಕೊಳ್ಳುತ್ತಾರೆ, ಲೆಕ್ಕ ಹಾಕುತ್ತಾರೆ. ಕೊನೇ ಪುಟದಲ್ಲಿ ‘ಮೊಬೈಲ್ ಬಳಕೆಯಿಂದ ಅಂಕ ಕಡಿಮೆಯಾಗುತ್ತದೆ ಎಂದು ಸಾಬೀತಾಗಿದೆ’ ಎಂದು ಬರೆದು ಬೈಂಡಿಂಗ್‌ಗೆ ಕೊಟ್ಟುಬಿಡುತ್ತಾರೆ.

ಸಾಬೀತಾಗಿರುವುದಿಲ್ಲ. ಎರಡು ಸಂಗತಿ ಒಟ್ಟೊಟ್ಟಿಗೆ ಕಂಡಿವೆ, ಅಷ್ಟೇ. ಒಂದರಿಂದಲೇ ಇನ್ನೊಂದು ಆಯಿತು ಎನ್ನಬೇಕಾದರೆ ಮಾಡಬೇಕಾದ ಕೆಲಸವೇ ಬೇರೆ. ಮೊದಲನೆಯದು ಸಹಸಂಬಂಧ ಅಧ್ಯಯನ, ಎರಡನೆಯದು ಪ್ರಯೋಗ. ಎರಡನ್ನೂ ಕೈಯಾರೆ ಮಾಡುವುದು ಹೇಗೆ ಅಂತ ನೋಡೋಣ. ದುಡ್ಡು ಬೇಕಿಲ್ಲ, ಲ್ಯಾಬ್ ಬೇಕಿಲ್ಲ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ

ನಾನು ಇದ್ದದ್ದನ್ನು ಇದ್ದ ಹಾಗೆ ಅಳೆಯುತ್ತೇನಾ, ಇಲ್ಲ ಏನನ್ನಾದರೂ ನಾನೇ ಬದಲಾಯಿಸುತ್ತೇನಾ? ಸುಮ್ನೆ ಅಳೆದರೆ ಅದು ಸಹಸಂಬಂಧ. ಒಂದು ಗುಂಪಿಗೆ ಒಂದು ರೀತಿ, ಇನ್ನೊಂದು ಗುಂಪಿಗೆ ಬೇರೆ ರೀತಿ ಮಾಡಿಸಿ, ಯಾರು ಯಾವ ಗುಂಪು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಅದು ಪ್ರಯೋಗ. ಇದನ್ನು ಪ್ರಶ್ನಾವಳಿ ಬರೆಯುವ ಮೊದಲೇ ತೀರ್ಮಾನ ಮಾಡಿ.

ಸಹಸಂಬಂಧ: ಅಳತೆ ಸರಿಯಿರಲಿ

‘ನೀವು ಮೊಬೈಲ್ ಜಾಸ್ತಿ ನೋಡ್ತೀರಾ?’ ಎಂದು ಕೇಳಿದರೆ ಅದು ಅಳತೆ ಅಲ್ಲ. ಒಬ್ಬರ ಜಾಸ್ತಿ ಇನ್ನೊಬ್ಬರಿಗೆ ಕಡಿಮೆ. ಈಗಿನ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ನಿಮಿಷ ಸ್ಕ್ರೀನ್ ನೋಡಿದ್ದೀರಿ ಎಂಬ ಲೆಕ್ಕ ಸಿಗುತ್ತದೆ. ಒಂದು ವಾರದ್ದನ್ನು ತೆಗೆದುಕೊಂಡು ಸರಾಸರಿ ಮಾಡಿ. ಅಂಕಕ್ಕೂ ಅಷ್ಟೇ: ಎಲ್ಲರೂ ಬರೆದ ಒಂದೇ ಇಂಟರ್ನಲ್ ಟೆಸ್ಟ್ ಹಿಡಿಯಿರಿ. ಹೆಸರು ಬರೆಸಬೇಡಿ, ಪ್ರತಿಯೊಬ್ಬರಿಗೂ ಒಂದು ಕೋಡ್ ನಂಬರ್ ಕೊಡಿ. ಹೆಸರು ಇಲ್ಲ ಎಂದರೆ ಮಕ್ಕಳು ನಿಜ ಹೇಳುತ್ತಾರೆ.

ಆಮೇಲೆ ಗ್ರಾಫ್ ಶೀಟ್ ತೆಗೆದುಕೊಳ್ಳಿ. ಅಡ್ಡಕ್ಕೆ ನಿಮಿಷ, ಉದ್ದಕ್ಕೆ ಅಂಕ. ಒಬ್ಬರಿಗೆ ಒಂದು ಚುಕ್ಕೆ. ಈ ಕೆಲಸವನ್ನು ಕಂಪ್ಯೂಟರ್‌ಗೆ ಬಿಡದೆ ಒಂದು ಸಲವಾದರೂ ಪೆನ್ಸಿಲ್‌ನಲ್ಲೇ ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಚುಕ್ಕೆಗಳು ಎಡದ ಮೇಲ್ತುದಿಯಿಂದ ಬಲದ ಕೆಳಗೆ ಇಳಿಯುತ್ತಿದ್ದರೆ ಸಂಬಂಧ ವಿಲೋಮ. ಕೆಳಗಿನಿಂದ ಮೇಲೆ ಏರುತ್ತಿದ್ದರೆ ನೇರ. ಒಂದು ಹಂತದವರೆಗೆ ಏರಿ ಆಮೇಲೆ ಇಳಿದರೆ ಹುಷಾರಾಗಿರಿ. ಅಂಥ ಕಡೆ ಲೆಕ್ಕದ ಉತ್ತರ ಸೊನ್ನೆ ಹತ್ತಿರ ಬರಬಹುದು, ಆದರೆ ಸಂಬಂಧವೇ ಇಲ್ಲ ಎಂದಲ್ಲ. ಅದು ಗ್ರಾಫ್ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಈಗ ಲೆಕ್ಕ. ಸುಲಭದ್ದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ಶ್ರೇಣಿ ಸಹಸಂಬಂಧ. ಲೆಕ್ಕ ಕಲಿಯುವುದಕ್ಕೆ ಆರು ಜನರ ಒಂದು ಕಲ್ಪಿತ ಪಟ್ಟಿ ಮಾಡಿಕೊಳ್ಳೋಣ. ಸ್ಕ್ರೀನ್ ನಿಮಿಷ 100, 140, 180, 230, 270, 320. ಅದೇ ಕ್ರಮದಲ್ಲಿ ಅವರ ಅಂಕ (50ಕ್ಕೆ) 41, 44, 35, 38, 26, 30. ಜಾಸ್ತಿ ನಿಮಿಷದವರಿಗೆ 1ನೇ ಸ್ಥಾನ ಕೊಟ್ಟರೆ ನಿಮಿಷದ ಸ್ಥಾನಗಳು 6, 5, 4, 3, 2, 1. ಜಾಸ್ತಿ ಅಂಕದವರಿಗೆ 1 ಕೊಟ್ಟರೆ ಅಂಕದ ಸ್ಥಾನಗಳು 2, 1, 4, 3, 6, 5. ಒಬ್ಬೊಬ್ಬರ ಎರಡು ಸ್ಥಾನಗಳನ್ನೂ ಕಳೆಯಿರಿ: 4, 4, 0, 0, −4, −4. ವರ್ಗ ಮಾಡಿ ಕೂಡಿಸಿ: 16+16+0+0+16+16, ಒಟ್ಟು 64. ಇದನ್ನು 6ರಿಂದ ಗುಣಿಸಿದರೆ 384. ಈ 6 ಸೂತ್ರದಲ್ಲೇ ಇರುವ ಸಂಖ್ಯೆ, ಜನ ಎಷ್ಟೇ ಇದ್ದರೂ ಬದಲಾಗುವುದಿಲ್ಲ. ಇನ್ನೊಂದು ಕಡೆ, ಜನರ ಸಂಖ್ಯೆಯ ವರ್ಗದಲ್ಲಿ 1 ಕಳೆದು ಜನರ ಸಂಖ್ಯೆಯಿಂದಲೇ ಗುಣಿಸಿ: 6×35, ಅಂದರೆ 210. 384ನ್ನು 210ರಿಂದ ಭಾಗಿಸಿದರೆ 1.83. ಅದನ್ನು 1ರಿಂದ ಕಳೆದರೆ −0.83.

ಈ ಸಂಖ್ಯೆ ಯಾವಾಗಲೂ −1 ಮತ್ತು +1ರ ನಡುವೆಯೇ ಇರುತ್ತದೆ. ಮೈನಸ್ ಎಂದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ ಎಂದರ್ಥ, ಸಂಬಂಧ ದುರ್ಬಲ ಎಂದಲ್ಲ. −0.83 ಎಂಬುದು +0.40ಕ್ಕಿಂತ ಗಟ್ಟಿ ಸಂಬಂಧ. ಪರೀಕ್ಷೆಯಲ್ಲಿ ಮಕ್ಕಳು ಇದನ್ನು ತಪ್ಪು ಮಾಡುವುದು ತುಂಬಾ ಸಾಮಾನ್ಯ.

ಇಲ್ಲೊಂದು ಮಾತು ಹೇಳಲೇಬೇಕು. ಈ ಸ್ಪಿಯರ್‌ಮನ್ ಅವರ ಬಳಿ ಲಂಡನ್‌ನಲ್ಲಿ ಕಲಿತು ಬಂದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು ಅವರಿಂದ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ. ಈ ಲೆಕ್ಕ ನಮ್ಮ ಕಡೆಗೆ ಬಂದು ಸುಮಾರು ನೂರು ವರ್ಷವಾಯಿತು. ಮಕ್ಕಳು ಇದನ್ನು ಪರಕೀಯ ಎಂದುಕೊಂಡು ಹೆದರಬೇಕಾಗಿಲ್ಲ.

−0.83 ಬಂತು. ಹಾಗಾದರೆ ಫೋನೇ ಕಾರಣ ಅಲ್ವಾ?

ಇರಬಹುದು. ಆದರೆ ಇನ್ನೆರಡು ದಾರಿಯೂ ಇವೆ. ಅಂಕ ಕಡಿಮೆ ಬಂದು ಓದಿನ ಮೇಲೆ ಬೇಸರವಾದ ಹುಡುಗ ಫೋನ್ ಹಿಡಿದು ಕೂತಿರಬಹುದು. ಆಗ ಕಾರಣ ಅಂಕ, ಫಲ ಫೋನ್. ಇಲ್ಲವಾದರೆ ಎರಡರ ಹಿಂದೆಯೂ ಮೂರನೆಯದೊಂದು ಇರಬಹುದು. ಮಧುಗಿರಿ, ಪಾವಗಡದ ಹಳ್ಳಿಗಳಿಂದ ತುಮಕೂರಿಗೆ ದಿನಾ ಓಡಾಡುವ ಮಕ್ಕಳನ್ನು ನೋಡಿ. ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಬೇಕು, ಅಲ್ಲಿ ಫೋನ್ ಬಿಟ್ಟರೆ ಬೇರೇನಿದೆ? ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ, ಓದಲು ಸಮಯವೂ ಇಲ್ಲ, ಶಕ್ತಿಯೂ ಇಲ್ಲ. ಸ್ಕ್ರೀನ್ ನಿಮಿಷ ಹೆಚ್ಚಿಸಿದ್ದೂ ಓಡಾಟ, ಅಂಕ ಇಳಿಸಿದ್ದೂ ಓಡಾಟ. ಆ ಮಗುವಿನ ಫೋನ್ ಕಿತ್ತುಕೊಂಡರೆ ಅಂಕ ಏರುತ್ತದೆಯೇ?

ಹಾಗಾಗಿ ಪ್ರಶ್ನಾವಳಿಯಲ್ಲಿ ಓಡಾಟದ ಸಮಯ, ನಿದ್ದೆಯ ಗಂಟೆ, ಸಂಜೆ ಕೆಲಸಕ್ಕೆ ಹೋಗುತ್ತಾರೋ ಇಲ್ಲವೋ ಎಂಬುದನ್ನೂ ಸೇರಿಸಿ. ಹಾಸ್ಟೆಲ್‌ನವರದ್ದೇ ಬೇರೆ ಗ್ರಾಫ್, ಊರಿಂದ ಬರುವವರದ್ದೇ ಬೇರೆ ಗ್ರಾಫ್ ಹಾಕಿ ನೋಡಿ. ಬೇರೆ ಮಾಡಿದ ಮೇಲೆ ಇಳಿಜಾರು ಮಾಯವಾದರೆ ವಿಷಯ ಓಡಾಟದ್ದೇ ಇರಬಹುದು.

ಇಷ್ಟೆಲ್ಲ ಅನುಮಾನ ಇದ್ದರೆ ಸಹಸಂಬಂಧ ಯಾಕೆ ಬೇಕು ಎಂದು ಕೇಳಬಹುದು. ಯಾಕೆಂದರೆ ಕೆಲವನ್ನು ಪ್ರಯೋಗ ಮಾಡಿ ನೋಡುವ ಹಾಗೇ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಫ್ಲೋರೈಡ್‌ಗೂ ಮಕ್ಕಳ ಬುದ್ಧಿಶಕ್ತಿಗೂ ಸಂಬಂಧ ಇದೆಯೇ ಎಂದು ಚೀನಾ, ಮೆಕ್ಸಿಕೊದಂಥ ದೇಶಗಳಲ್ಲಿ ಅಧ್ಯಯನ ನಡೆದಿದೆ. ಇಂಥವೆಲ್ಲ ಸಹಸಂಬಂಧದ ದಾರಿಯವೇ. ಅರ್ಧ ಮಕ್ಕಳಿಗೆ ಬೇಕಂತಲೇ ಆ ನೀರು ಕುಡಿಸಲು ಯಾರಿಗೂ ಹಕ್ಕಿಲ್ಲ. ಅಂಥ ಊರುಗಳಲ್ಲಿ ಬಡತನ, ಊಟ, ಶಾಲೆ ಎಲ್ಲವೂ ಬೇರೆಯಾಗಿರುವುದರಿಂದ ಸಂಶೋಧಕರು ಅವನ್ನೂ ಅಳೆದು ಲೆಕ್ಕಕ್ಕೆ ಸೇರಿಸಬೇಕು. ಕಷ್ಟದ ಕೆಲಸ, ಆದರೆ ಮಾಡಲೇಬೇಕಾದ ಕೆಲಸ.

ಇನ್ನು ಪ್ರಯೋಗ

ಯಾರಿಗೂ ತೊಂದರೆಯಾಗದ ವಿಷಯ ಆರಿಸಿಕೊಳ್ಳೋಣ. ಪಾಠವನ್ನು ಮತ್ತೆ ಮತ್ತೆ ಓದುವುದು ಒಳ್ಳೆಯದೋ, ಒಂದು ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯುವುದು ಒಳ್ಳೆಯದೋ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ನಮ್ಮ ಕ್ಲಾಸ್‌ರೂಮಿನಲ್ಲೂ ಮಾಡಬಹುದು.

ನಾವು ಬದಲಾಯಿಸುವುದು ಓದುವ ರೀತಿ. ಅದು ಸ್ವತಂತ್ರ ಚಲಕ. ಅಳೆಯುವುದು ವಾರದ ನಂತರ ಎಷ್ಟು ನೆನಪಿದೆ ಎಂಬುದು. ಅದು ಅವಲಂಬಿತ ಚಲಕ. ಮೊದಲು ಪ್ರಿನ್ಸಿಪಾಲರ ಅನುಮತಿ ಪಡೆಯಿರಿ. ಭಾಗವಹಿಸುವವರಿಗೆ ‘ಬೇಡ ಎನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು’ ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಪಿಯು ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು.

ಯಾರಿಗೂ ಗೊತ್ತಿಲ್ಲದ ವಿಷಯದ ಒಂದು ಪುಟ ಬರೆದುಕೊಳ್ಳಿ. ದೇವರಾಯನದುರ್ಗದ ನಾಮದ ಚಿಲುಮೆ ಬಗ್ಗೆ ಕೊಟ್ಟರೆ ತುಮಕೂರಿನವರು ಓದದೆಯೂ ಬರೆಯುತ್ತಾರೆ. ಮೂಲ ಪ್ರಯೋಗದಲ್ಲಿ ಒಂದು ಪುಟ ಸೂರ್ಯನ ಬಗ್ಗೆ, ಇನ್ನೊಂದು ಸಮುದ್ರದ ನೀರುನಾಯಿ ಬಗ್ಗೆ ಇತ್ತು. ನಮ್ಮಲ್ಲೂ ನೀರುನಾಯಿಯೇ ವಾಸಿ. ಆ ಪುಟದಲ್ಲಿ 30 ಅಂಶಗಳಿವೆ ಎಂದು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಒಂದು ಅಂಶಕ್ಕೆ ಒಂದು ಅಂಕ.

ಈಗ ಇಡೀ ಪ್ರಯೋಗದ ಜೀವ ಇರುವ ಜಾಗ: ಗುಂಪು ಮಾಡುವುದು. 40 ಜನ ಇದ್ದಾರೆ ಎಂದುಕೊಳ್ಳಿ. ಮುಂದಿನ ಬೆಂಚಿನವರು ಒಂದು ಗುಂಪು, ಹಿಂದಿನವರು ಇನ್ನೊಂದು ಎಂದು ಮಾಡಬೇಡಿ. ಹಾಜರಿ ಪುಸ್ತಕದ ಮೊದಲ 20, ಆಮೇಲಿನ 20 ಎಂದೂ ಬೇಡ. ಎಷ್ಟೋ ಕಾಲೇಜುಗಳಲ್ಲಿ ರೋಲ್ ನಂಬರ್ ಅಡ್ಮಿಷನ್ ಕ್ರಮದಲ್ಲೋ ಭಾಷಾ ವಿಷಯದ ಪ್ರಕಾರವೋ ಇರುತ್ತದೆ. ‘ಯಾರು ಯಾವುದಕ್ಕೆ ಬರ್ತೀರಾ’ ಎಂದಂತೂ ಕೇಳಲೇಬೇಡಿ. ಬರೆಯುವುದಕ್ಕೆ ಉತ್ಸಾಹದಿಂದ ಕೈ ಎತ್ತುವವರು ಮೊದಲೇ ಚೆನ್ನಾಗಿ ಓದುವವರಾಗಿರಬಹುದು.

ಒಂದೇ ಅಳತೆಯ 40 ಚೀಟಿ ಕತ್ತರಿಸಿ. 20ರಲ್ಲಿ ‘ಓ’, 20ರಲ್ಲಿ ‘ಬ’ ಎಂದು ಬರೆದು ಒಂದೇ ಥರ ಮಡಚಿ. ಸ್ಟೀಲ್ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ. ಒಬ್ಬೊಬ್ಬರೂ ಒಂದು ಎತ್ತಿಕೊಳ್ಳಲಿ, ಬದಲಾಯಿಸಿಕೊಳ್ಳಲು ಬಿಡಬೇಡಿ. ಹಾಸ್ಟೆಲ್‌ನವರು, ಬಸ್ಸಿನವರು, ಜಾಣರು, ನಿದ್ದೆಗೆಟ್ಟವರು ಎಲ್ಲರೂ ಎರಡೂ ಕಡೆ ಸರಿಸುಮಾರು ಹಂಚಿಹೋಗುತ್ತಾರೆ. ನೀವು ಯೋಚಿಸದೇ ಇದ್ದ ಮೂರನೇ ಕಾರಣಗಳೂ ಹಂಚಿಹೋಗುತ್ತವೆ. ಪ್ರಶ್ನಾವಳಿಗೆ ಎಷ್ಟು ಪ್ರಶ್ನೆ ಸೇರಿಸಿದರೂ ಆಗದ್ದನ್ನು ಈ ಚೀಟಿ ಮಾಡುತ್ತದೆ.

ಎರಡೂ ಗುಂಪು ಒಂದೇ ಹೊತ್ತಿನಲ್ಲಿ, ಒಂದೇ ಥರದ ಕೋಣೆಯಲ್ಲಿ ಕೂರಲಿ. ಒಂದು ಬೆಳಿಗ್ಗೆ, ಇನ್ನೊಂದು ಊಟವಾದ ಮೇಲೆ ಎಂದಾಗಬಾರದು. ಎಲ್ಲರೂ 7 ನಿಮಿಷ ಓದಲಿ. ಆಮೇಲೆ ‘ಓ’ ಗುಂಪು ಅದನ್ನೇ ಇನ್ನೂ 7 ನಿಮಿಷ ಓದಲಿ, ‘ಬ’ ಗುಂಪು ಹಾಳೆ ವಾಪಸ್ ಕೊಟ್ಟು 7 ನಿಮಿಷ ನೆನಪಿನಿಂದ ಬರೆಯಲಿ. ಒಂದು ವಾರದ ನಂತರ ಇಬ್ಬರೂ ನೆನಪಿದ್ದಷ್ಟು ಬರೆಯಲಿ. ಆ ವಾರದಲ್ಲಿ ರಜೆ ಇಲ್ಲ ಎಂದು ನೋಡಿಕೊಳ್ಳಿ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗಾ ಜಾತ್ರೆ ಬಂದರೆ ಅರ್ಧ ಕ್ಲಾಸ್ ಖಾಲಿ. ಎರಡನೇ ದಿನ ಬಾರದವರು ಒಂದೇ ಗುಂಪಿನಲ್ಲಿ ಜಾಸ್ತಿಯಾದರೆ ಚೀಟಿಯ ಶ್ರಮವೆಲ್ಲ ನೀರುಪಾಲು.

ಉತ್ತರ ತಿದ್ದುವವರಿಗೆ ಯಾವ ಹಾಳೆ ಯಾವ ಗುಂಪಿನದು ಎಂದು ಗೊತ್ತಿರಬಾರದು. ರೋಸೆಂಥಾಲ್ ಮತ್ತು ಫೋಡ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ‘ಇವು ಚುರುಕು ತಳಿಯ ಇಲಿ’ ಎಂದೂ, ಉಳಿದವರಿಗೆ ‘ಇವು ಮಂದ ತಳಿ’ ಎಂದೂ ಹೇಳಿ ದಾರಿ ಕಲಿಸಲು ಇಲಿ ಕೊಟ್ಟರು. ಇಲಿಗಳಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಆದರೂ ಚುರುಕು ಎಂದು ಹೇಳಿ ಕೊಟ್ಟವೇ ಚೆನ್ನಾಗಿ ದಾರಿ ಕಲಿತವು ಎಂಬ ಫಲಿತಾಂಶ ಬಂತು. ನೋಡುವವರ ನಿರೀಕ್ಷೆ ಅಷ್ಟು ಕೆಲಸ ಮಾಡುತ್ತದೆ. ಹಾಗಾಗಿ ಹಾಳೆಗಳನ್ನೆಲ್ಲ ಕಲೆಸಿ, ಗುಂಪು ಗೊತ್ತಿಲ್ಲದ ಗೆಳತಿಗೋ ಗೆಳೆಯನಿಗೋ ಕೊಟ್ಟು ತಿದ್ದಿಸಿ.

ಮೂಲ ಪ್ರಯೋಗದಲ್ಲಿ ಏನಾಯಿತು? 5 ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ಶೇ 81, ನೆನಪು ಮಾಡಿ ಬರೆದವರಿಗೆ ಶೇ 75. ವಾರದ ನಂತರ ತಿರುಗುಮುರುಗಾಯಿತು. ಮತ್ತೆ ಓದಿದವರಿಗೆ ಶೇ 42, ಬರೆದವರಿಗೆ ಶೇ 56. ಅದೇ ದಿನ ಅಳೆದು ಮುಗಿಸಿದ್ದರೆ ಉಲ್ಟಾ ಉತ್ತರ ಸಿಗುತ್ತಿತ್ತು. ಯಾವಾಗ ಅಳೆಯುತ್ತೀರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಎರಡು ಸರಾಸರಿಗಳ ನಡುವಿನ ಅಂತರ ಆಕಸ್ಮಿಕವೋ ಅಲ್ಲವೋ ನೋಡಲು ಟಿ-ಪರೀಕ್ಷೆ ಇದೆ. ಅದು ಸ್ಪ್ರೆಡ್‌ಶೀಟ್‌ನಲ್ಲೇ ಸಿಗುತ್ತದೆ, ಇಲ್ಲಿ ವಿವರಿಸುವುದಿಲ್ಲ.

ಫೋನನ್ನೇ ಪ್ರಯೋಗ ಮಾಡಬೇಕೆಂದರೆ

ಅದೂ ಆಗುತ್ತದೆ. ಚೀಟಿ ಎತ್ತಿಸಿ ಅರ್ಧ ಜನರ ಫೋನ್ ಮೇಜಿನ ಮೇಲೆ ಮಗುಚಿಡಿ, ಉಳಿದವರದ್ದು ಬೇರೆ ಕೋಣೆಯಲ್ಲಿಡಿ. ಎಲ್ಲವೂ ಸೈಲೆಂಟ್‌ನಲ್ಲಿರಲಿ. ಎಲ್ಲರಿಗೂ ಒಂದೇ ನೆನಪಿನ ಪರೀಕ್ಷೆ ಕೊಡಿ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಇಂಥ ಪ್ರಯೋಗದಲ್ಲಿ ಬೇರೆ ಕೋಣೆಯಲ್ಲಿ ಫೋನ್ ಇಟ್ಟವರು ಚೆನ್ನಾಗಿ ಮಾಡಿದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲರಿಗೂ ಅದೇ ಉತ್ತರ ಬರಲಿಲ್ಲ. ನಿಮಗೂ ಬಾರದಿದ್ದರೆ ಬೇಜಾರು ಬೇಡ, ಬಂದದ್ದನ್ನೇ ಬರೆಯಿರಿ. ವ್ಯತ್ಯಾಸ ಕಾಣಲಿಲ್ಲ ಎನ್ನುವುದೂ ಫಲಿತಾಂಶವೇ.

ವರದಿ ಬರೆಯುವಾಗ ಅಳೆದಷ್ಟೇ ಕೆಲಸವಾದರೆ ‘ಸ್ಕ್ರೀನ್ ಸಮಯ ಜಾಸ್ತಿ ಇದ್ದವರಲ್ಲಿ ಅಂಕ ಕಡಿಮೆ ಕಂಡುಬಂತು’ ಎಂದು ನಿಲ್ಲಿಸಿ. ಚೀಟಿ ಎತ್ತಿ ಮಾಡಿದ ಪ್ರಯೋಗವಾದರೆ ‘ನೆನಪು ಮಾಡಿ ಬರೆದದ್ದರಿಂದ ಈ ವಿದ್ಯಾರ್ಥಿಗಳಲ್ಲಿ ನೆನಪು ಹೆಚ್ಚಿತು’ ಎನ್ನಬಹುದು. ‘ಈ ವಿದ್ಯಾರ್ಥಿಗಳಲ್ಲಿ’ ಎಂಬುದನ್ನು ಬಿಡಬೇಡಿ, ಒಂದು ಕಾಲೇಜಿನ 40 ಜನ ಇಡೀ ಜಿಲ್ಲೆಯಾಗುವುದಿಲ್ಲ. ಕೊನೆಯಲ್ಲಿ ಕೋಡ್ ನಂಬರ್ ಸಮೇತ ಎಲ್ಲರ ಅಂಕದ ಪಟ್ಟಿ, ಓದಲು ಕೊಟ್ಟ ಪುಟ, 30 ಅಂಶಗಳ ಪಟ್ಟಿ, ಮೂರನ್ನೂ ಲಗತ್ತಿಸಿ. ಮುಂದಿನ ವರ್ಷ ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಇನ್ನೊಬ್ಬರು ಅದನ್ನೇ ಮಾಡಿ ನೋಡಲು ಬೇಕಾಗುವುದು ಇವೇ.