ಎಸ್‌ಇ ಲಿನಕ್ಸ್ ಬಂದ್ ಮಾಡದೆ ತಂತ್ರಾಂಶ ಕೂರಿಸಿದ ಬಗೆ

ತಿಕೋಟಾ ಸಮೀಪದ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ದಾಸ್ತಾನಿನ ಲೆಕ್ಕವನ್ನು ಕಿರ್ದಿ ಪುಸ್ತಕದಿಂದ ಕಂಪ್ಯೂಟರಿಗೆ ತರುವ ಕೆಲಸವನ್ನು ಕಳೆದ ಹಂಗಾಮಿನಲ್ಲಿ ನಾನು ವಹಿಸಿಕೊಂಡಿದ್ದೆ. ತಂತ್ರಾಂಶವನ್ನು ಬರೆದವರು ಬೇರೆ. ರಾಕಿ ಲಿನಕ್ಸ್ 9 ಎಂಬ ಕಾರ್ಯವ್ಯವಸ್ಥೆ ಇದ್ದ ಸರ್ವರಿನಲ್ಲಿ ಅದನ್ನು ಕೂರಿಸಿ, ರೈತರು ತಂದ ಬಾಕ್ಸುಗಳ ಎಣಿಕೆ, ಬಾಡಿಗೆ, ತೂಕದ ಚೀಟಿಯ ಫೋಟೊ ಎಲ್ಲವೂ ಬ್ರೌಸರಿನಲ್ಲಿ ಕಾಣುವಂತೆ ಮಾಡುವುದಷ್ಟೇ ನನ್ನ ಹೊಣೆಯಾಗಿತ್ತು. ಅವರು ಕೊಟ್ಟ ಕೈಪಿಡಿಯ ಮೊದಲ ಸೂಚನೆಯೇ ಎಸ್‌ಇ ಲಿನಕ್ಸನ್ನು ನಿಷ್ಕ್ರಿಯಗೊಳಿಸಿ ಎಂಬುದು. ಪ್ರತಿ ಪ್ರಕ್ರಿಯೆಗೂ ಫೈಲಿಗೂ ಒಂದು ಗುರುತು ಅಂಟಿಸಿ, ಯಾವ ಗುರುತಿನವರು ಯಾವುದನ್ನು ಮುಟ್ಟಬಹುದೆಂದು ತನ್ನ ನೀತಿಯ ಪ್ರಕಾರ ತೀರ್ಮಾನಿಸುವ ಲಿನಕ್ಸಿನ ಕಾವಲು ವ್ಯವಸ್ಥೆ ಅದು. ಫೋನಿನಲ್ಲಿ ಕೇಳಿದಾಗಲೂ "ಬಂದ್ ಮಾಡಿಬಿಡ್ರಿ ಸರ, ಎಲ್ಲಾ ಸರಿಹೋಗ್ತೈತಿ" ಎಂಬ ಉತ್ತರವೇ ಬಂತು. ಊರಿನ ರೈತರ ಮಾಲಿನ ಲೆಕ್ಕವೆಲ್ಲ ಇರುವ, ಹೊರಗಿನಿಂದಲೂ ತೆರೆಯಬಹುದಾದ ಯಂತ್ರದ ಕಾವಲನ್ನು ಮೊದಲ ದಿನವೇ ಕಿತ್ತುಹಾಕಲು ನನಗೆ ಮನಸ್ಸು ಬರಲಿಲ್ಲ.

ಫೈಲುಗಳನ್ನು ಸಾಗಿಸಿ ಪುಟ ತೆರೆದರೆ 403 ಎಂಬ ನಿರಾಕರಣೆ ಕಾಣಿಸಿತು. ಫೈಲುಗಳ ಸಾಮಾನ್ಯ ಅನುಮತಿ 644 ಇತ್ತು, ಎಂದರೆ ಯಾರು ಬೇಕಾದರೂ ಓದಬಹುದಾದಂತಿತ್ತು. ಆದರೂ ಸರ್ವರಿಗೆ ಓದಲು ಆಗುತ್ತಿರಲಿಲ್ಲ. ಇಂತಹ ಕಡೆ ಊಹೆ ಮಾಡುತ್ತ ಕೂರುವುದಕ್ಕಿಂತ ಆಡಿಟ್ ಲಾಗನ್ನು ನೋಡುವುದು ಮೇಲು. ಆ ಲಾಗಿನಲ್ಲಿ ಹುಡುಕುವ ಎಯುಸರ್ಚ್ ಆಜ್ಞೆಗೆ ಎವಿಸಿ ಸಂದೇಶಗಳನ್ನಷ್ಟೇ (ಎಸ್‌ಇ ಲಿನಕ್ಸಿನ ನಿರಾಕರಣೆಗಳನ್ನಷ್ಟೇ), ಅದರಲ್ಲೂ ಇತ್ತೀಚಿನವನ್ನಷ್ಟೇ ತೋರಿಸಲು ಹೇಳಿದೆ. ಬಂದ ಸಾಲು ಉದ್ದವಾಗಿತ್ತಾದರೂ ಅದರಲ್ಲಿ ಓದಬೇಕಾದದ್ದು ನಾಲ್ಕೇ ಸಂಗತಿ: ಬೇಡಿದ ಕ್ರಿಯೆ ಗೆಟ್‌ಆಟ್ರ್ (ಫೈಲಿನ ವಿವರ ನೋಡುವುದು), ಬೇಡಿದವನ ಗುರುತು ಎಚ್‌ಟಿಟಿಪಿಡಿ_ಟಿ (ವೆಬ್ ಸರ್ವರಿನ ಗುರುತು), ಬೇಡಿದ ವಸ್ತುವಿನ ಗುರುತು ಯೂಸರ್_ಹೋಮ್_ಟಿ, ಆ ವಸ್ತುವಿನ ಜಾತಿ ಫೈಲು. ವೆಬ್ ಸರ್ವರಿನ ಕೋಶದಲ್ಲಿ ಕುಳಿತ ಫೈಲಿಗೆ ಬಳಕೆದಾರನ ಮನೆಯ ಗುರುತು ಏಕೆ ಅಂಟಿಕೊಂಡಿದೆ ಎಂದು ಯೋಚಿಸಿದಾಗ ನನ್ನದೇ ತಪ್ಪು ಕಂಡಿತು. ಜಿಪ್ ಕಡತವನ್ನು ನನ್ನ ಹೋಮ್ ಕೋಶದಲ್ಲಿ ಬಿಚ್ಚಿ, ಒಳಗಿನದ್ದನ್ನೆಲ್ಲ ಎಂವಿ ಆಜ್ಞೆಯಿಂದ ಆಚೆ ಸಾಗಿಸಿದ್ದೆ. ಎಂವಿ ಮಾಡಿದರೆ ಫೈಲು ತನ್ನ ಹಳೆಯ ಗುರುತನ್ನು ಹೊತ್ತುಕೊಂಡೇ ಹೋಗುತ್ತದೆ. ಸಿಪಿ, ಎಂದರೆ ನಕಲು, ಮಾಡಿದರೆ ಹುಟ್ಟುವ ಹೊಸ ಫೈಲು ತಾನು ಸೇರಿದ ಕೋಶದ ಗುರುತನ್ನು ಪಡೆಯುತ್ತದೆ. ನೀತಿ ಹೇಳುವ ಗುರುತನ್ನು ಮರಳಿ ಅಂಟಿಸುವ ರೆಸ್ಟೋರ್‌ಕಾನ್ ಆಜ್ಞೆಯನ್ನು ಆ ಕೋಶದ ಮೇಲೆ ಒಮ್ಮೆ ಓಡಿಸಿದ ಕೂಡಲೇ ಲಾಗಿನ್ ಪುಟ ತೆರೆಯಿತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ರೆಸ್ಟೋರ್‌ಕಾನ್‌ಗೆ ಮೊದಲು ನನ್ನ ಕೈ ಹೋದದ್ದು ಆಡಿಟ್‌ಟುಅಲೋ ಎಂಬ ಸಾಧನದ ಕಡೆಗೆ. ನಿರಾಕರಣೆಯ ಸಾಲುಗಳನ್ನು ಕೊಟ್ಟರೆ ಅವನ್ನೆಲ್ಲ ಅನುಮತಿಸುವ ನಿಯಮವನ್ನು ಅದೇ ಬರೆದುಕೊಡುತ್ತದೆ, ಅದನ್ನು ಮಾಡ್ಯೂಲ್ ಆಗಿ ಸೇರಿಸಿದರೆ ಎಚ್ಚರಿಕೆ ನಿಲ್ಲುತ್ತದೆ. ಸೇರಿಸುವ ಮುನ್ನ ಆ ಪಠ್ಯವನ್ನು ತೆರೆದು ಓದಿದ್ದು ಒಳ್ಳೆಯದಾಯಿತು: ಎಚ್‌ಟಿಟಿಪಿಡಿ_ಟಿ ಗುರುತಿನ ಪ್ರಕ್ರಿಯೆಗೆ ಯೂಸರ್_ಹೋಮ್_ಟಿ ಗುರುತಿನ ಫೈಲುಗಳನ್ನು ನೋಡಲು ಅನುಮತಿಯಿದೆ ಎಂದು ಅದರಲ್ಲಿತ್ತು. ಯಾವ ಫೈಲು, ಯಾವ ಕೋಶ ಎಂಬ ಮಿತಿ ಅದಕ್ಕಿಲ್ಲ. ಸಾಗಿಸುವಾಗ ನಾನು ಮಾಡಿದ ತಪ್ಪನ್ನು ಮುಚ್ಚಲು ಕಾರಕೂನರ ಹೋಮ್ ಕೋಶದಲ್ಲಿರುವ ಕಾಗದಪತ್ರಗಳ ದಾರಿಯನ್ನೂ ವೆಬ್ ಸರ್ವರಿಗೆ ತೆರೆದುಕೊಡುವ ನಿಯಮವದು. ಆ ಸಾಧನ ಕೆಟ್ಟದ್ದಲ್ಲ, ಆದರೆ ಗುರುತು ತಪ್ಪಿದೆಯೋ ಅಥವಾ ನೀತಿಯಲ್ಲೇ ಕೊರತೆಯಿದೆಯೋ ಎಂದು ಅದು ತೀರ್ಮಾನಿಸಲಾರದು.

ಮುಂದೆ ಇನ್ನೆಷ್ಟು ಅಡ್ಡಿಗಳಿವೆಯೆಂದು ಒಂದೇ ಸಲಕ್ಕೆ ತಿಳಿಯಬೇಕಿತ್ತು, ಏಕೆಂದರೆ ತಡೆಯುವ ಸ್ಥಿತಿಯಲ್ಲಿ ತಂತ್ರಾಂಶ ಮೊದಲ ಅಡ್ಡಿಯಲ್ಲೇ ನಿಂತುಬಿಡುತ್ತದೆ. ಇಡೀ ಯಂತ್ರವನ್ನು ಪರ್ಮಿಸಿವ್ (ತಡೆಯದ ಸ್ಥಿತಿ) ಮಾಡುವ ಬದಲು, ನೀತಿಯ ಹೊಂದಾಣಿಕೆಗಳನ್ನು ಬದಲಿಸುವ ಸೆಮ್ಯಾನೇಜ್ ಆಜ್ಞೆಯ ಮೂಲಕ ಎಚ್‌ಟಿಟಿಪಿಡಿ_ಟಿ ಒಂದನ್ನೇ ಪರ್ಮಿಸಿವ್ ಮಾಡಿದೆ. ಆಗ ನಿರಾಕರಣೆಗಳು ಲಾಗಿನಲ್ಲಿ ದಾಖಲಾಗುತ್ತವೆಯೇ ಹೊರತು ಕೆಲಸ ನಿಲ್ಲುವುದಿಲ್ಲ. ಉಳಿದ ಸೇವೆಗಳ ಕಾವಲು ಹಾಗೆಯೇ ಇರುತ್ತದೆ. ಕಾರಕೂನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹೊರೆ ಮಾಲನ್ನು ದಾಖಲಿಸಿ, ಚೀಟಿಯ ಫೋಟೊ ಏರಿಸಿ, ಬಿಲ್ ತೆಗೆಯುವವರೆಗೆ ಎಲ್ಲ ಹಂತಗಳನ್ನೂ ಮಾಡಿಸಿದೆ. ಲಾಗಿನಲ್ಲಿ ಎರಡೇ ಬಗೆಯ ದೂರುಗಳಿದ್ದವು.

ಒಂದನೆಯದು ಪೋಸ್ಟ್‌ಗ್ರೆಸ್ ದತ್ತಸಂಚಯದ 5432ನೇ ಪೋರ್ಟಿಗೆ ಸಂಪರ್ಕ ಬೇಡಿದ್ದು. ಇದಕ್ಕೆ ನೀತಿಯಲ್ಲೇ ಸ್ವಿಚ್ಚುಗಳಿವೆ, ಅವನ್ನು ಬೂಲಿಯನ್ ಎನ್ನುತ್ತಾರೆ. ಹೆಚ್ಚಿನವರು ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಎಂಬುದನ್ನು ಹಾಕಿಬಿಡುತ್ತಾರೆ, ಅದು ಎಲ್ಲ ಪೋರ್ಟುಗಳಿಗೂ ಬಾಗಿಲು ತೆಗೆಯುತ್ತದೆ. ಅದೇ ಹೆಸರಿನ ಕೊನೆಯಲ್ಲಿ ಡಿಬಿ ಎಂದಿರುವ, ದತ್ತಸಂಚಯಗಳಿಗಷ್ಟೇ ದಾರಿ ಬಿಡುವ ಕಿರಿದಾದ ಬೂಲಿಯನ್ ನಮಗೆ ಸಾಕಾಗಿತ್ತು. ಬೂಲಿಯನ್ ಬದಲಿಸುವ ಸೆಟ್‌ಎಸ್‌ಇಬೂಲ್ ಆಜ್ಞೆಗೆ ದೊಡ್ಡ ಪಿ ಸೇರಿಸದಿದ್ದರೆ ಆ ಬದಲಾವಣೆ ಮರುಚಾಲನೆಯಲ್ಲಿ ಅಳಿಸಿಹೋಗುತ್ತದೆ.

ಎರಡನೆಯದು ಚೀಟಿಗಳ ಫೋಟೊ ಬರೆಯುವ ಕೋಶ. ಓದಲು ಮಾತ್ರ ಗುರುತಿದ್ದ ಕಡೆ ಸರ್ವರ್ ಬರೆಯಲು ಹೊರಟಿತ್ತು. ಹಿಂದೊಮ್ಮೆ ಇಂತಹದ್ದೇ ತೊಂದರೆಗೆ ನಾನು ಚ್‌ಕಾನ್ ಬಳಸಿ ಗುರುತು ಬದಲಿಸಿ ಕೈ ತೊಳೆದುಕೊಂಡಿದ್ದೆ; ಕೆಲವು ವಾರಗಳ ಮೇಲೆ ಯಾರೋ ರೆಸ್ಟೋರ್‌ಕಾನ್ ಓಡಿಸಿದಾಗ ಗುರುತು ಹಳೆಯದಕ್ಕೆ ಮರಳಿ, ರಾತ್ರಿ ಹತ್ತು ಗಂಟೆಗೆ ಫೋನು ಬಂದಿತ್ತು. ಆದ್ದರಿಂದ ಈ ಸಲ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ ಮೂಲಕ ಆ ಒಂದು ಕೋಶಕ್ಕೆ, ಅದರ ಒಳಗಿನದ್ದಕ್ಕೂ ಸೇರಿಸಿ, ವೆಬ್ ಸರ್ವರಿಗೆ ಬರೆಯಲೂ ಬಿಡುವ ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯೂ_ಕಂಟೆಂಟ್_ಟಿ ಎಂಬ ಗುರುತನ್ನು ನೀತಿಯಲ್ಲೇ ಬರೆಸಿ, ಬಳಿಕ ರೆಸ್ಟೋರ್‌ಕಾನ್ ಓಡಿಸಿದೆ. ಇನ್ನು ಮುಂದೆ ಯಾರು ರೆಸ್ಟೋರ್‌ಕಾನ್ ಮಾಡಿದರೂ ಇದೇ ಗುರುತು ಬರುತ್ತದೆ. ತಂತ್ರಾಂಶದ ಕೋಡ್ ಇರುವ ಉಳಿದ ಕೋಶಗಳನ್ನು ಓದಲು ಮಾತ್ರ ಎಂದೇ ಬಿಟ್ಟೆ.

ಪರ್ಮಿಸಿವ್ ವಿನಾಯಿತಿಯನ್ನು ತೆಗೆದುಹಾಕಿ ಯಂತ್ರವನ್ನು ಮರುಚಾಲನೆ ಮಾಡಿ, ಮತ್ತೆ ಅದೇ ಹೊರೆಯನ್ನು ಮೊದಲಿನಿಂದ ದಾಖಲಿಸಿದೆವು. ಗೆಟ್‌ಎನ್‌ಫೋರ್ಸ್ ಆಜ್ಞೆ ಎನ್‌ಫೋರ್ಸಿಂಗ್ ಎಂದಿತು, ಎಂದರೆ ಕಾವಲು ತಡೆಯುವ ಸ್ಥಿತಿಯಲ್ಲೇ ಇತ್ತು. ಮರುಚಾಲನೆಯ ನಂತರದ ನಿರಾಕರಣೆಗಳನ್ನು ಎಯುಸರ್ಚ್‌ನಲ್ಲಿ ಹುಡುಕಿದರೆ ಒಂದು ಸಾಲೂ ಸಿಗಲಿಲ್ಲ. ಕೈಪಿಡಿಯ ಮೊದಲ ಸೂಚನೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಅದರ ಪಕ್ಕದಲ್ಲಿ ಈ ಮೂರು ತಿದ್ದುಪಡಿಗಳ ಆಜ್ಞೆಗಳನ್ನು ಬರೆದು ಕಾರಕೂನರ ಕಪಾಟಿನಲ್ಲಿಟ್ಟು ಬಂದೆ.