ನಿಮ್ಮ ಬರಹಕ್ಕೆ ನಿಮ್ಮದೇ ವಿಳಾಸ: ಸ್ವಂತ ಬ್ಲಾಗ್ ತೆರೆದು ನಡೆಸುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ನಿವೃತ್ತ ಮಾಸ್ತರರು, ಬ್ಯಾಂಕಿನ ನೌಕರರು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮನೆಗೆಲಸದ ನಡುವೆ ಒಂದು ತಾಸು ಬಿಡುವು ಮಾಡಿಕೊಳ್ಳುವ ಗೃಹಿಣಿಯರು ದಿನವೂ ಏನಾದರೂ ಬರೆಯುತ್ತಾರೆ, ಅದರಲ್ಲಿ ಉಳಿಯಬೇಕಾದದ್ದೂ ಬಹಳ ಇರುತ್ತದೆ. ಆದರೆ ಅದರ ಹೆಚ್ಚಿನ ಪಾಲು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗ್ಗೆ ಕಾಣಿಸಿಕೊಂಡು ಸಂಜೆಯೊಳಗೆ ಶುಭಾಶಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನು ಎರಡು ವರ್ಷದ ನಂತರ ಹುಡುಕಿ ತೆಗೆಯುವುದು ಬರೆದವರಿಗೇ ಕಷ್ಟವಾಗುತ್ತದೆ. ಇಂಥ ತಾಣಗಳಲ್ಲಿ ಬರೆಯುವುದೆಂದರೆ ಲಾವಣಿಗೆ ಹಿಡಿದ ಹೊಲದಲ್ಲಿ ಬಿತ್ತಿದ ಹಾಗೆ. ಒಡೆಯನು ಸಾಕೆಂದ ದಿನ ಬಿಟ್ಟು ಏಳಲೇಬೇಕು. ಭಾರತದಲ್ಲಿ ಅಷ್ಟು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಇದಕ್ಕೆ ಪ್ರತಿಯಾಗಿ, ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ವೆಬ್ಬನ್ನು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸರ್ನ್ 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಲ್ಲಿ ಒಂದು ಪುಟ ತೆರೆಯಲು ಇಂದಿಗೂ ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ ಡೊಮೇನ್ ಹೆಸರನ್ನು, ಅಂದರೆ ನಿಮ್ಮ ತಾಣದ ವಿಳಾಸವನ್ನು ಕೊಳ್ಳುವುದು. ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸಿನವರೆಗೆ ಖರ್ಚು ಬರುತ್ತದೆ. ಜಾಹೀರಾತಿನಲ್ಲಿ ಕಾಣುವ ದರವು ಬಹುಮಟ್ಟಿಗೆ ಮೊದಲ ವರ್ಷದ್ದಾಗಿರುವುದರಿಂದ ನವೀಕರಣದ ದರವನ್ನು ನೋಡಿಯೇ ನಿರ್ಧರಿಸಬೇಕು. ಹೆಸರು ಚಿಕ್ಕದಾಗಿರಲಿ, ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಅಡುಗೆಯ ಹೆಸರಿಟ್ಟುಕೊಂಡವರು ಮುಂದೆ ಕಪ್ಪತಗುಡ್ಡದ ಬಗ್ಗೆ ಬರೆಯಬೇಕೆನಿಸಿದಾಗ ಹಿಂಜರಿಯುತ್ತಾರೆ. ಆದ್ದರಿಂದ ವಿಷಯದ ಹೆಸರಿಗಿಂತ ಸ್ವಂತ ಹೆಸರೇ ಮೇಲೆಂಬುದು ನನ್ನ ಅಭಿಪ್ರಾಯ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪರಿಚಯದವರಿಂದ ವೆಬ್‌ಸೈಟ್ ಮಾಡಿಸಿಕೊಳ್ಳುವಾಗ ಡೊಮೇನ್ ಅವರ ಖಾತೆಯಲ್ಲಿ ನೋಂದಣಿಯಾಗಿ, ಅವರು ಊರು ಬಿಟ್ಟ ಮೇಲೆ ನವೀಕರಣವಾಗದೆ ಕೈತಪ್ಪುವುದುಂಟು. ಯಾರು ಮಾಡಿಕೊಟ್ಟರೂ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯ ಮೇಲೆಯೇ ಇರಬೇಕು.

ಬ್ಲಾಗ್ ನಡೆಸುವ ಸಾಧನದ ಆಯ್ಕೆಗೆ ಒಂದು ಸಂಜೆಗಿಂತ ಹೆಚ್ಚು ಸಮಯ ಕೊಡಬೇಕಿಲ್ಲ. 1999ರಲ್ಲಿ ಆರಂಭವಾಗಿ 2003ರಿಂದ ಗೂಗಲ್ ಕೈಯಲ್ಲಿರುವ ಬ್ಲಾಗರ್‌ಗೆ ಸ್ವಂತ ಡೊಮೇನ್ ಜೋಡಿಸಲು ಪ್ರತ್ಯೇಕ ಶುಲ್ಕವಿಲ್ಲ. 2003ರಲ್ಲಿಯೇ ಹುಟ್ಟಿದ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ. ಅದು ಉಚಿತವಾಗಿ ಸಿಕ್ಕರೂ ಅದನ್ನು ಇರಿಸುವ ಹೋಸ್ಟಿಂಗ್‌ಗೆ ಹಣ ಕೊಡಬೇಕು. ಕಂಪ್ಯೂಟರಿನಲ್ಲಿ ಪಳಗಿದವರು ಹ್ಯೂಗೊದಂಥ ಸಾಧನದಿಂದ ಬರಹವನ್ನು ಸರಳ ಪುಟಗಳಾಗಿ ಮಾಡಿ ಇಡಬಹುದು. ಬರೆದದ್ದೆಲ್ಲವನ್ನೂ ಒಂದು ಕಡತವಾಗಿ ಹೊರತೆಗೆಯಲು ಅವಕಾಶವಿದೆಯೇ ಎಂಬುದೊಂದನ್ನು ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಆ ಸಾಧನ ಬೇಡ. ಹತ್ತು ವರ್ಷದ ನಂತರ ಸಾಧನವನ್ನು ಬದಲಿಸಬೇಕಾಗಿ ಬಂದರೂ ವಿಳಾಸ ಮತ್ತು ಬರಹ ಎರಡೂ ನಿಮ್ಮ ಹತ್ತಿರವೇ ಇರುತ್ತವೆ.

ಕನ್ನಡದಲ್ಲಿ ಬರೆಯುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅಕ್ಷರಗಳಿಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ನಮ್ಮ ಹಳೆಯ ಬರಹಗಳು, ಮುಖ್ಯವಾಗಿ ಡಿಟಿಪಿ ಅಂಗಡಿಗಳಲ್ಲಿ ಟೈಪ್ ಮಾಡಿಸಿದ ಲೇಖನಗಳು, ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಅಂಥ ಕಡತದಿಂದ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ ನೋಡಿ. ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಪೌಂಡ್ ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯುನಿಕೋಡ್ ಅಲ್ಲ, ಹುಡುಕಾಟದಲ್ಲಿ ಯಾರಿಗೂ ಸಿಗುವುದೂ ಇಲ್ಲ. ಅದನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಬರುವ ‘ವರ್ಷ’, ‘ಕಾರ್ಯ’, ‘ಧರ್ಮ’ದಂಥ ಪದಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು, ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತು ವ್ಯಂಜನದ ನಂತರ, ಯುನಿಕೋಡ್‌ನಲ್ಲಿ ಅದರ ಮೊದಲು ಬರುವುದರಿಂದ ತಪ್ಪುಗಳು ನುಸುಳುವುದು ಅಲ್ಲಿಯೇ.

ಇದರ ಜೊತೆಗೆ ಕೆಲವು ಚಿಕ್ಕ ವ್ಯವಸ್ಥೆಗಳನ್ನು ಆರಂಭದಲ್ಲಿಯೇ ಮಾಡಿಕೊಂಡರೆ ಮುಂದೆ ತೊಂದರೆಯಿರುವುದಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆಂದು ಸಿದ್ಧವಾದ ವಿನ್ಯಾಸದಲ್ಲಿ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಇಟ್ಟರೆ ಓದು ಸುಗಮವಾಗುತ್ತದೆ. ತಾಣದ ಭಾಷೆ ಕನ್ನಡವೆಂದು ಸೆಟ್ಟಿಂಗ್ಸ್‌ನಲ್ಲಿ ನಮೂದಿಸಿದರೆ ದೃಷ್ಟಿದೋಷವುಳ್ಳವರು ಬಳಸುವ ಓದುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಲು ಅನುಕೂಲವಾಗುತ್ತದೆ. ಅದೇ ಕಾರಣಕ್ಕಾಗಿ ಬರಹವನ್ನು ಚಿತ್ರದ ಮೇಲೆ ಅಚ್ಚೊತ್ತಿ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಪ್ರತಿ ಬರಹದ ಕೊಂಡಿಯನ್ನು ರೋಮನ್ ಅಕ್ಷರಗಳಲ್ಲಿ ಚುಟುಕಾಗಿ ಕೊಡಿ. ಕನ್ನಡದಲ್ಲಿ ಕೊಟ್ಟರೆ, ನಕಲಿಸಿ ಕಳಿಸುವಾಗ ಪ್ರತಿಯೊಂದು ಸಂಕೇತವೂ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ‘ಹುಬ್ಬಳ್ಳಿ’ ಎಂಬ ಪದದಲ್ಲಿ ಒಂಬತ್ತು ಸಂಕೇತಗಳಿರುವುದರಿಂದ ಆ ಊರಿನ ಹೆಸರೊಂದೇ 81 ಅಕ್ಷರಗಳಷ್ಟು ಉದ್ದವಾಗಿ, ನೋಡಿದವರು ಒತ್ತಲು ಅಂಜುವಂತಾಗುತ್ತದೆ.

ಏನು ಬರೆಯಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಬರೆಯಲಾರದ್ದನ್ನು ಬರೆಯಿರಿ. ದೇಶದ ರಾಜಕೀಯವನ್ನು, ಚಲನಚಿತ್ರವನ್ನು ಕುರಿತು ಬರೆಯುವವರು ಸಾಕಷ್ಟಿದ್ದಾರೆ. ಆದರೆ ಈ ವರ್ಷದ ಎಳ್ಳ ಅಮಾವಾಸ್ಯೆಯಂದು ಗದಗಿನ ಎರಿ ಸೀಮೆಯ ನಿಮ್ಮ ಹೊಲ ಹೇಗಿತ್ತೆಂಬುದನ್ನು ನೀವೇ ಬರೆಯಬೇಕು. ‘ಹಬ್ಬವನ್ನು ಸಂಭ್ರಮದಿಂದ ಆಚರಿಸಿದೆವು’ ಎಂದು ಬರೆದರೆ ಅದು ಯಾವ ಊರಿಗೂ, ಯಾವ ವರ್ಷಕ್ಕೂ ಸಲ್ಲುವ ವಾಕ್ಯ. ಹಿಂಗಾರಿ ಜೋಳ ತೆನೆ ಹಿರಿದಿತ್ತೇ, ಕಡಲೆ ಕಾಯಿ ಕಟ್ಟಿತ್ತೇ, ಹೊಲಕ್ಕೆ ಹೋದದ್ದು ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ, ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳಲ್ಲಿ ಯಾವ ಯಾವುದಿತ್ತು, ಅದನ್ನು ಕಟ್ಟಿದವರು ಯಾರು, ಅದನ್ನು ಹೊಲದಲ್ಲಿ ಎರಚಿ ಚರಗ ಚೆಲ್ಲಿದವರು ಯಾರು ಎಂಬುದನ್ನು ಬರೆಯಿರಿ. ಚರಗ ಚೆಲ್ಲುವಾಗ ಕೂಗುವ ಮಾತು ಊರಿನಿಂದ ಊರಿಗೆ ಬೇರೆಯಾಗಿರುವುದರಿಂದ, ನಿಮ್ಮ ಹೊಲದಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ದಾಖಲಿಸಬೇಕು. ಹಾಗೆಯೇ, ಬ್ಯಾಡಗಿಯಲ್ಲಿ ವರ್ಷದ ಖಾರಪುಡಿಗೆ ಮೆಣಸಿನಕಾಯಿ ಕೊಂಡವರು ಕಡ್ಡಿ ತಳಿ ತಂದರೋ ಡಬ್ಬಿ ತಳಿ ತಂದರೋ, ಕಿಲೋಗೆ ಎಷ್ಟು ಕೊಟ್ಟರು, ಬಣ್ಣಕ್ಕೆ ಹೆಸರಾದ ಈ ಕಾಯಿಗೆ ಖಾರಕ್ಕೆಂದು ಬೇರೆ ತಳಿಯನ್ನು ಎಷ್ಟು ಬೆರೆಸಿದರು ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟರೆ, ಐದು ವರ್ಷಗಳಲ್ಲಿ ಅದೊಂದು ಮನೆಯ ದಾಖಲೆಯೂ ಆಗುತ್ತದೆ, ಹುಡುಕುವವರಿಗೆ ಮಾಹಿತಿಯೂ ಆಗುತ್ತದೆ.

ಮಾತನ್ನು ಉದ್ಧರಿಸುವಾಗ ಆಡಿದ ಭಾಷೆಯನ್ನು ಬದಲಿಸಬೇಡಿ. ಅಜ್ಜಿ ‘ಬರ್ರಿ, ಕೂಡ್ರಿ, ಚಾ ಕುಡೀರಿ’ ಎಂದಿದ್ದರೆ ಅದನ್ನು ‘ಬನ್ನಿ, ಕುಳಿತುಕೊಳ್ಳಿ’ ಎಂದು ತಿದ್ದುವುದರಿಂದ ಅಜ್ಜಿಯ ದನಿಯೇ ಹೋಗಿಬಿಡುತ್ತದೆ. ಮೊಬೈಲಿಗೆ ಹೇಳಿ ಬರೆಸುವವರು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಬೇಕು. ‘ಮಾಡೂದು’, ‘ಹೋಗೂದು’ಗಳಂಥ ರೂಪಗಳನ್ನು ಯಂತ್ರವು ಬೇರೇನೋ ಎಂದು ಕೇಳಿಸಿಕೊಳ್ಳುವ ಸಂಭವ ಹೆಚ್ಚು. ತಲೆಬರಹದಲ್ಲಿ ಊರಿನ ಮತ್ತು ವಸ್ತುವಿನ ಹೆಸರಿರಲಿ. ‘ಒಂದು ಅನುಭವ’ ಎಂಬ ತಲೆಬರಹದಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ‘ಉಣಕಲ್ ಕೆರೆಯ ದಂಡೆಯಲ್ಲಿ ಕಂಡ ಹಕ್ಕಿಗಳು’ ಎಂದರೆ ಎಲ್ಲವೂ ತಿಳಿಯುತ್ತದೆ. ನೂರೈವತ್ತು ಪದಗಳಾದರೂ ಸಾಕು. ವಾರಕ್ಕೊಮ್ಮೆ, ಸಾಧ್ಯವಾದರೆ ವಾರದ ಅದೇ ದಿನದಂದು, ಬರೆಯುವುದು ದಿನವೂ ಬರೆಯುವ ಸಂಕಲ್ಪ ಮಾಡಿ ತಿಂಗಳಲ್ಲಿ ನಿಲ್ಲಿಸುವುದಕ್ಕಿಂತ ಒಳ್ಳೆಯದು. ಪ್ರಕಟಿಸಿದ ಮೇಲೆ ಮಾಹಿತಿ ಬದಲಾಗಿದ್ದು ಗೊತ್ತಾದರೆ ಹಳೆಯ ಸಾಲನ್ನು ಸದ್ದಿಲ್ಲದೆ ಅಳಿಸದೆ, ಕೆಳಗೆ ದಿನಾಂಕ ಹಾಕಿ ಟಿಪ್ಪಣಿ ಸೇರಿಸಿ.

ದಿನನಿತ್ಯದ ಬದುಕನ್ನು ಬರೆಯುವಾಗ ಬೇರೆಯವರ ಬದುಕೂ ಅದರಲ್ಲಿ ಬಂದೇ ಬರುತ್ತದೆ. ನೆರೆಮನೆಯವರ ಕಾಯಿಲೆ, ಸಂಬಂಧಿಕರ ಆಸ್ತಿಯ ಜಗಳ, ಮಕ್ಕಳ ಅಂಕಪಟ್ಟಿ ಇವು ಬರೆಯುವ ಹಕ್ಕು ನಮಗಿಲ್ಲದ ಸಂಗತಿಗಳು. ಹೆಸರು ಬದಲಿಸಿದರೂ ಧಾರವಾಡದಂಥ ಊರಿನಲ್ಲಿ ಗುರುತು ಸಿಗದೆ ಇರುವುದಿಲ್ಲವಾದ್ದರಿಂದ ಮೊದಲೇ ಕೇಳಿ ಬರೆಯುವುದು ಸರಿಯಾದ ದಾರಿ. ಮನೆಯಲ್ಲಿ ತೆಗೆದ ಚಿತ್ರಗಳಲ್ಲಿ ಸ್ಥಳದ ಗುರುತು ಅಡಗಿರಬಹುದಾದ್ದರಿಂದ ಅದನ್ನು ತೆಗೆದುಹಾಕಿ, ಅಗಲವನ್ನು 1200 ಪಿಕ್ಸೆಲ್‌ಗಳಿಗೆ ಇಳಿಸಿ ಏರಿಸಿರಿ. ಸಾವಿರ ಪದಗಳ ಕನ್ನಡ ಬರಹವು ಹೆಚ್ಚೆಂದರೆ ಕೆಲವೇ ಹತ್ತು ಕಿಲೋಬೈಟ್‌ಗಳಷ್ಟಿರುತ್ತದೆ. ಹಳ್ಳಿಯ ದುರ್ಬಲ ನೆಟ್‌ವರ್ಕಿನಲ್ಲಿ ಪುಟ ತೆರೆಯದಂತೆ ಮಾಡುವುದು ಅದರೊಂದಿಗೆ ಹಾಕಿದ ದೊಡ್ಡ ಚಿತ್ರವೇ.

ಓದುಗರನ್ನು ತಲುಪಲು ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್‌ಗಳನ್ನು ಬಳಸಬಾರದೆಂದಿಲ್ಲ. ಬರಹವು ಮೊದಲು ನಿಮ್ಮ ತಾಣದಲ್ಲಿ ಪ್ರಕಟವಾಗಲಿ, ನಂತರ ಮೊದಲ ಎರಡು ವಾಕ್ಯಗಳನ್ನೂ ಕೊಂಡಿಯನ್ನೂ ಗುಂಪಿಗೆ ಕಳಿಸಿ. ಇದಲ್ಲದೆ 1999ರಿಂದ ಬಳಕೆಯಲ್ಲಿರುವ ಆರ್‌ಎಸ್‌ಎಸ್ ಫೀಡ್ ಎಂಬ ವ್ಯವಸ್ಥೆಯಿದೆ. ನಿಮ್ಮ ಹೊಸ ಬರಹಗಳ ಪಟ್ಟಿಯನ್ನು ತಾಣವು ತಾನಾಗಿಯೇ ಒಂದು ಕಡತದಲ್ಲಿ ಇಡುತ್ತದೆ, ಓದುಗರು ಫೀಡ್ಲಿ ಅಥವಾ ಥಂಡರ್‌ಬರ್ಡ್‌ನಂಥ ಸಾಧನಕ್ಕೆ ಅದನ್ನು ಸೇರಿಸಿಕೊಂಡರೆ ನೀವು ಬರೆದಾಗಲೆಲ್ಲ ಅವರಿಗೆ ತಲುಪುತ್ತದೆ. ಯಾವ ಬರಹವನ್ನು ಯಾರಿಗೆ ತೋರಿಸಬೇಕೆಂದು ನಡುವೆ ನಿಂತು ನಿರ್ಧರಿಸುವವರು ಇರುವುದಿಲ್ಲ. ಗೂಗಲ್ ತನ್ನ ರೀಡರ್ ಸೇವೆಯನ್ನು 2013ರ ಜುಲೈ 1ರಂದು ನಿಲ್ಲಿಸಿದರೂ ಫೀಡ್‌ಗಳು ನಿಲ್ಲಲಿಲ್ಲ. ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡರಲ್ಲೂ ಅದು ತಾನಾಗಿಯೇ ಇರುತ್ತದೆ. ಅದರ ಕೊಂಡಿಯನ್ನು ಮುಖಪುಟದಲ್ಲಿ ಎದ್ದು ಕಾಣುವಂತೆ ಇಟ್ಟರಾಯಿತು. ಓದಿದವರು ಉತ್ತರ ಬರೆಯಲು ಒಂದು ಇಮೇಲ್ ವಿಳಾಸವನ್ನೂ ಅಲ್ಲಿಯೇ ಕೊಡಿ.

ತಿಂಗಳಿಗೊಮ್ಮೆ ಎಲ್ಲ ಬರಹಗಳನ್ನೂ ಹೊರತೆಗೆದು, ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಮನೆಯ ಹೊರಗೆ ಬೇರೆ ಕಡೆ ಇಡಬೇಕು. ವರ್ಷಕ್ಕೊಮ್ಮೆಯಾದರೂ ಆ ಕಡತವನ್ನು ತೆರೆದು, ಕನ್ನಡ ಅಕ್ಷರಗಳು ಸರಿಯಾಗಿ ಕಾಣುತ್ತವೆಯೇ, ಚಿತ್ರಗಳೂ ಬಂದಿವೆಯೇ ಎಂದು ನೋಡುವುದು ಅಗತ್ಯ. ಬರಹಗಳಷ್ಟೇ ಬಂದು ಚಿತ್ರಗಳು ಉಳಿದುಬಿಡುವುದು ಸಾಮಾನ್ಯ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಎಂಬ ವೆಬ್ ಪುಟಗಳ ಸಂಗ್ರಹಕ್ಕೆ ನಿಮ್ಮ ಪುಟದ ವಿಳಾಸವನ್ನು ಕೊಟ್ಟರೆ ಅಲ್ಲಿಯೂ ಒಂದು ಪ್ರತಿ ಸೇರುತ್ತದೆ. ಡೊಮೇನ್ ನವೀಕರಣದ ದಿನಾಂಕ, ಅದನ್ನು ಕೊಂಡ ಸಂಸ್ಥೆ ಮತ್ತು ಖಾತೆಯ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು, ಮನೆಯ ವಿಮೆಯ ಕಾಗದಗಳಿರುವ ಜಾಗದಲ್ಲಿಯೇ ಇಟ್ಟು, ಅದು ಅಲ್ಲಿದೆಯೆಂದು ಮಗನಿಗೋ ಮಗಳಿಗೋ ಹೇಳಿಡಿ.